ಕಾರ್ಕಳದ ಬಸ್ಸು ಮತ್ತು ಅಕ್ಕನ ಎರಡಕ್ಷರ

ನನಗೆ ಕೋಪ ಮೂಗಿನ ತುದಿಯಲ್ಲೇ. ಅದರಲ್ಲೂ ನಾನು ಮಾಡಿದ ಕಂಪ್ಯೂಟರ್ ಪರದೆಯನ್ನು ಯಾರಾದರೂ ಚೆನ್ನಾಗಿಲ್ಲ ಎಂದರೆ ಮುಗಿಯಿತು. ಮಣಿಪಾಲದಲ್ಲಿ ಕೂತು ಸಾಫ್ಟ್‌ವೇರ್ ವಿನ್ಯಾಸ ಮಾಡುವುದು ನನ್ನ ಕೆಲಸ. ಉಡುಪಿ ಬಸ್ ನಿಲ್ದಾಣದ ಒಂದು ಪಾರ್ಸೆಲ್ ಕೌಂಟರಿಗೆ ಹೊಸ ಪರದೆ ಮಾಡಿಕೊಡಲು ಅದರ ಮಾಲೀಕರು ಹೇಳಿದ್ದರು.

ಅಲ್ಲಿ ಇಪ್ಪತ್ತು ವರ್ಷಗಳಿಂದ ಒಬ್ಬ ಅಕ್ಕ ಕೂರುತ್ತಿದ್ದರು. ಎದುರಿಗೆ ಕಪ್ಪು ಪರದೆ. ಚಿತ್ರವಿಲ್ಲ, ಮೌಸ್ ಇಲ್ಲ. ಊರಿಗೆ ಎರಡಕ್ಷರ, ಸಾಮಾನಿಗೆ ಒಂದಕ್ಷರ, ಎಷ್ಟು ಕಟ್ಟು ಎಂಬ ಅಂಕಿ. ಆ ಒಂದು ಸಾಲು ಒತ್ತಿದರೆ ಚೀಟಿ ಹೊರಗೆ. ಅಕ್ಷರಗಳೆಲ್ಲ ಅವರೊಬ್ಬರಿಗೇ ಗೊತ್ತು, ಮಾಲೀಕರಿಗೆ ಅದೇ ತಲೆಬಿಸಿ. ಯಾರು ಬೇಕಾದರೂ ಕೂತು ಮಾಡುವ ಹಾಗಿರಬೇಕು, ಒಂದು ತಿಂಗಳಲ್ಲಿ ಅಕ್ಕನಿಗೆ ಹೊಸದು ಬಾರದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಅವರೆದುರೇ ಹೇಳಿದರು.

ನಾನು ಚಂದದ ಚಿತ್ರಗಳನ್ನು ಹಾಕಿದೆ. ಮಲ್ಲಿಗೆಗೆ ಹೂವು, ಔಷಧಕ್ಕೆ ಬಾಟಲಿ, ಕಡಲತೀರದ ಕಾಪು ಊರಿಗೆ ದೀಪಸ್ತಂಭ. ಮೂರನೇ ದಿನವೇ ಮರ್ಯಾದೆ ಹೋಯಿತು. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ನಿಮಿಷವೆಂದರೆ ನಿಮಿಷ. ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೇ ಬರುತ್ತಾನೆ. ಕಾರ್ಕಳದ ಮದುವೆಗೆ ಹೋಗಬೇಕಿದ್ದ ಮಲ್ಲಿಗೆಯ ಕಟ್ಟು ಕೌಂಟರಿನ ಮೇಲಿತ್ತು. ಅಕ್ಕ ಮೌಸ್ ಹಿಡಿದು ಊರು ಹುಡುಕಿದರು, ಹೂವು ಹುಡುಕಿದರು, ‘ಮುಂದೆ’ ಒತ್ತಿದರು, ಮತ್ತೆ ‘ಮುಂದೆ’ ಒತ್ತಿದರು. ಚೀಟಿ ಬರುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಮದುವೆಮನೆಯವರ ಬೈಗುಳವನ್ನೂ ಫೋನಿನಲ್ಲಿ ಅವರೇ ಕೇಳಿದರು.

“ಚಿತ್ರ ಚಂದ ಉಂಟು,” ಎಂದರು ನನಗೆ. “ಆದರೆ ಬಸ್ಸು ನಿಲ್ಲುವುದಿಲ್ಲ, ಅಲ್ವಾ?”

ಕೋಪ ಬರಬೇಕಿತ್ತು, ನಾಚಿಕೆ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಹಳೆಯದನ್ನೇ ಮತ್ತೆ ಹಾಕಿ, ಎರಡು ದಿನ ಅವರ ಹಿಂದೆ ಕೂತು ನೋಡಿದೆ. ಕಣ್ಣು ಗಿರಾಕಿಯ ಮೇಲೆ, ಕಿವಿ ಕಂಡಕ್ಟರನ ಸೀಟಿಯ ಕಡೆ, ಬೆರಳು ತನ್ನ ಪಾಡಿಗೆ ಓಡುತ್ತಿತ್ತು. ಪರದೆಯನ್ನು ಅವರು ನೋಡುತ್ತಲೇ ಇರಲಿಲ್ಲ. ಜನ ನೋಡಲಿ ಎಂದೇ ಪರದೆ ಮಾಡುವ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಗುವಷ್ಟು ಗೌರವ ಹುಟ್ಟಿತು.

ಚಿತ್ರಗಳನ್ನೆಲ್ಲ ಕಿತ್ತು ಬಿಸಾಡುತ್ತೇನೆ ಎಂದೆ. ಬೇಡ ಎಂದರು ಅಕ್ಕ. “ಚಿತ್ರವೂ ಇರಲಿ, ಮೇಲೆ ನನಗೆ ಬರೆಯಲಿಕ್ಕೆ ಒಂದು ಸಾಲು ಕೊಡಿ. ಹೊಸಬರು ಚಿತ್ರ ಒತ್ತಿದಾಗಲೆಲ್ಲ ಅದರ ಅಕ್ಷರ ಆ ಸಾಲಿನಲ್ಲಿ ಕಾಣಲಿ, ನೋಡಿ ನೋಡಿ ಕಲಿಯುತ್ತಾರೆ,” ಎಂದರು. ನಮ್ಮ ಆಫೀಸಿನಲ್ಲಿ ಯಾರಿಗೂ ಹೊಳೆಯದ ಉಪಾಯ. ಆದರೆ ಎಲ್ಲರೂ ಕಲಿತರೆ ನಿಮ್ಮ ಕುರ್ಚಿ ಹೋದೀತು ಎಂದು ಎಚ್ಚರಿಸಿದೆ.

“ಹೋದರೆ ಕಷ್ಟವೇ, ಮಾರಾಯ್ರೆ,” ಎಂದರು. “ಆದರೆ ಮಗಳ ಮೊದಲ ಹೆರಿಗೆಗೆ ನನಗೆ ಕಾರ್ಕಳಕ್ಕೆ ಹೋಗಲಿಕ್ಕೆ ಆಗಲಿಲ್ಲ. ಈ ಅಕ್ಷರ ಬೇರೆ ಯಾರಿಗೆ ಗೊತ್ತುಂಟು?”

ನಾನು ಬೆರಗಾಗಿ ನೋಡಿದ ಆ ಕೈಚಳಕವೇ ಅವರನ್ನು ಕುರ್ಚಿಗೆ ಕಟ್ಟಿಹಾಕಿತ್ತು. ಅವರು ಹೇಳಿದ ಹಾಗೆಯೇ ಮಾಡಿಕೊಟ್ಟೆ. ಮಾಲೀಕರು ಇನ್ನೊಬ್ಬರನ್ನು ಕರೆತಂದರು, ಅಕ್ಕನನ್ನೂ ಬಿಡಲಿಲ್ಲ. ಕಲಿಸಲು ಅವರೇ ಬೇಕಿತ್ತು.

ಮಗಳ ಎರಡನೇ ಹೆರಿಗೆಗೆ ವಾರವಿರುವಾಗಲೇ ಅಕ್ಕ ಕಾರ್ಕಳದ ಬಸ್ಸು ಹತ್ತಿದರು. ಕಳಿಸಲು ಹೋಗಿದ್ದೆ. ಕೌಂಟರಿನಲ್ಲಿ ಹೊಸಬರು ಅದೇ ಬಸ್ಸಿನ ಪಾರ್ಸೆಲ್ಲಿಗೆ ಚಿತ್ರ ಹುಡುಕುತ್ತಿದ್ದರು. ಅಕ್ಕ ಕಿಟಕಿಯಿಂದ ಅತ್ತಲೇ ನೋಡುತ್ತಾ, ತೊಡೆಯ ಮೇಲಿನ ಚೀಲವನ್ನು ಕೀಬೋರ್ಡಿನ ಹಾಗೆ ಎರಡು ಬೆರಳಲ್ಲಿ ಒತ್ತುತ್ತಿದ್ದರು. ಚೀಟಿ ಬಂತು, ಕಟ್ಟು ಬಸ್ಸಿನೊಳಗೆ ಬಿತ್ತು. ಆಮೇಲೆಯೇ ಅವರ ಕೈ ನಿಂತದ್ದು.