ಎರಡೂ ಬೇಕೆಂದವರು

ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತರೊಬ್ಬರ ಮೇಜು ನನ್ನ ಪಕ್ಕದಲ್ಲೇ ಇತ್ತು. ಊಟದ ಹೊತ್ತಿನಲ್ಲಿ ಬಲಗೈಯಲ್ಲಿ ರೊಟ್ಟಿ ಮುರಿಯುತ್ತ, ಎಡಗೈಯಿಂದ ಮೊಬೈಲಿನಲ್ಲಿ ತಮ್ಮ ಬ್ಲಾಗ್ ಬರೆಯುತ್ತಿದ್ದರು: ಸಂಬಳದಲ್ಲಿ ಉಳಿಸುವುದು ಹೇಗೆ, ಯಾವ ವಿಮೆ ಬೇಕು. ಯಾರಾದರೂ ಕೆಣಕಿದರೆ, “ಈ ಹೊತ್ತು ನಂದ್ರಿ” ಎನ್ನುತ್ತಿದ್ದರು.

ಒಮ್ಮೆ, ಕಟ್ಟಿದ ಹಣಕ್ಕೆ ದುಪ್ಪಟ್ಟು ಕೊಡುತ್ತೇವೆನ್ನುವ ಒಂದು ಸ್ಕೀಮನ್ನು ನಂಬಬೇಡಿ ಎಂದು ಬರೆದರು. ಅದರ ಏಜೆಂಟ್ ನಮ್ಮ ಸಾಹೇಬರಿಗೆ ದೂರು ಕೊಟ್ಟ. ಸಾಹೇಬರು ಎಲ್ಲರೆದುರೇ ಕೇಳಿದರು: “ನಿಮಗ ನೌಕ್ರಿ ಬೇಕೋ, ಬ್ಲಾಗ್ ಬೇಕೋ?”

ಅವರು ಎದ್ದು ನಿಂತರು. “ಎರಡೂ ಬೇಕ್ರಿ ಸಾಹೇಬ್ರ. ನನ್ನ ಕೆಲ್ಸ ಒಂದರೆ ಬಾಕಿ ಇದ್ರ ತೋರಸ್ರಿ.”

ಸಾಹೇಬರು ಅವರ ಕಡತಗಳನ್ನೆಲ್ಲ ತಿರುವಿದರು. ಬಾಕಿ ಏನೂ ಸಿಗದೆ ಒಳಗೆ ಹೋದರು.

ಆ ಸಂಜೆ ಶಹಾಪುರದ ಬಸ್ಸಿನಲ್ಲಿ ನಿಂತುಕೊಂಡೇ ಅವರು ಹೊಸ ಲೇಖನ ಹಾಕಿದರು. ಅದರ ತಲೆಬರಹ: ‘ಸ್ಕೀಮಿನ ಕಾಗದ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬ್ಯಾಡ್ರಿ.’