ಫೆರಿಯಾಚೆಯ ದೇಶದಲ್ಲಿ ಅತ್ತೆಯ ಒಂದು ವರ್ಷ

ನೀರು ದಾಟಿ ಹೋದರೆ ಅದು ಬೇರೆ ದೇಶ ಎಂಬುದು ನನ್ನ ಅತ್ತೆಯ ಲೆಕ್ಕ. ಗೋವಾದ ವಾಸ್ಕೋ ಊರಿನ ಮಂಗೋರ್ ಹಿಲ್‌ನಲ್ಲಿ ಹಿರಿಯ ಮಗನ ಮನೆಯಲ್ಲಿ ಆರಾಮಾಗಿದ್ದವರು ಅವರು. ಅಲ್ಲಿ ನಲ್ಲಿಯ ಮುಂದಿನ ಜಗಳವೂ ಕನ್ನಡದಲ್ಲೇ ನಡೆಯುತ್ತದೆ. ನನ್ನ ಗಂಡ ನೆಲಕ್ಕೆ ಫರ್ಸಿ ಕಲ್ಲು ಹಾಸುವ ಕೆಲಸದವರು. ದಿವಾರ್ ದ್ವೀಪದ ಹಳೆಯ ಮನೆಗಳಲ್ಲಿ ಕೈತುಂಬ ಕೆಲಸ ಸಿಕ್ಕಿದ್ದರಿಂದ ನಾವು ಅಲ್ಲೇ ಒಂದು ಬಾಡಿಗೆ ಕೋಣೆ ಹಿಡಿದೆವು. ಅತ್ತೆಯನ್ನೂ ಬನ್ನಿ ಎಂದು ಗೋಗರೆದೆ.

ಯುಗಾದಿಯ ಮರುದಿನ ಮಾಂಡವಿ ನದಿಯ ಫೆರಿಯಲ್ಲಿ, ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವರು ಅಪ್ಪಣೆ ಕೊಡಿಸಿದರು: "ಒಂದು ವರ್ಷ ನೋಡ್ತೇನಿ. ಒಗ್ಗಿದ್ರ ಇರ್ತೇನಿ. ಇಲ್ಲಾಂದ್ರ ಬರೂ ಯುಗಾದಿಗೆ ಮಂಗೋರ್ ಹಿಲ್‌ಗೆ ನಡದೇ ಬಿಟ್ಟೆ."

ನನಗೋ ಅವರು ಇರಲೇಬೇಕಿತ್ತು. ಹೆತ್ತವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ತಾಯಿ ಅಂತ ಒಬ್ಬರು ಸಿಕ್ಕಿದ್ದು ಮದುವೆಯಾದ ಮೇಲೆಯೇ. ಬೈದರೂ ಸರಿ, ಎದುರಿಗೆ ಕೂತು ಬೈಯಲಿ ಎಂಬ ಆಸೆ ನನ್ನದು.

ಬೈಯುವುದಕ್ಕೇನೂ ಕೊರತೆಯಿರಲಿಲ್ಲ. ಆ ದೇಶದ ಒಂದು ಕಾನೂನೂ ಅವರಿಗೆ ಹಿಡಿಸಲಿಲ್ಲ. ಬೆಳಿಗ್ಗೆ ಪಾವ್ ಮಾರುವವನ ಸೈಕಲ್ಲು ಪೋಂ ಪೋಂ ಎಂದರೆ, "ರೊಟ್ಟಿ ಬಡಿಯೂ ಸಪ್ಪಳಿಲ್ಲದ ಊರು ಎಂಥಾದ್ದು?" ಎನ್ನುವರು. ಮಧ್ಯಾಹ್ನ ಅಂಗಡಿಗಳು ಬಾಗಿಲೆಳೆದು ಮಲಗಿದರೆ, "ಎಲ್ಲಾರಿಗೂ ಒಮ್ಮೆಲೇ ಜ್ವರ ಬಂದೈತೇನು?" ಫೆರಿ ಓಡಿಸುವವನಿಗೆ ಮಾತ್ರ ಮರ್ಯಾದೆ. ಅವನು ಊಟಕ್ಕೆ ಕೂತರೆ ದೇಶವೇ ನಿಲ್ಲುತ್ತದಲ್ಲ!

ಮಳೆ ಹಿಡಿಯಿತು, ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. ಕರಿ ಮಣ್ಣಿನ ಜೋಡೆತ್ತು ಪೂಜಿಸದೆ ನಮ್ಮವರಿಗೆ ಮಳೆಗಾಲ ಶುರುವಾಗುವುದಿಲ್ಲ. ಗೋವಾದ ಕೆಂಪು ಮಣ್ಣಿನಲ್ಲಿ ಎತ್ತು ಎಲ್ಲಿಂದ ತರುವುದು? ಅಷ್ಟರಲ್ಲಿ ಹೊಳೆಯಂಚಿನ ಗದ್ದೆಯಲ್ಲಿ ಅತ್ತೆಗೆ ಕಪ್ಪು ಕೆಸರು ಕಂಡಿತು. "ಎರಿ ಮಣ್ಣು! ಥೇಟ್ ನಮ್ಮ ಹೊಲದ್ದು!" ಎಂದು ಸೀರೆ ಎತ್ತಿ ಕಟ್ಟಿ ಬುಟ್ಟಿ ತುಂಬ ತಂದರು. ಎತ್ತುಗಳು ಬಲು ಚೆಂದ ಬಂದವು. ಆ ಮಳೆಯಲ್ಲಿ ಒಣಗಲಿ ಎಂದು ಒಲೆಯ ಪಕ್ಕ ಇಟ್ಟೆವು.

ಹಬ್ಬದ ಬೆಳಿಗ್ಗೆ ನೋಡಿದರೆ ಕರಿ ಎತ್ತುಗಳ ಮೈಯೆಲ್ಲ ಬೆಳ್ಳಗಾಗಿದೆ. ಅತ್ತೆ ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದರು. ಉಪ್ಪು! ಆ ಗದ್ದೆಗೆ ಬೇಸಿಗೆಯಲ್ಲಿ ಸಮುದ್ರದ ಭರತದೊಡನೆ ಹೊಳೆಯ ಉಪ್ಪುನೀರು ನುಗ್ಗುತ್ತದೆಂದು ಬಯಲುಸೀಮೆಯ ನಮಗೇನು ಗೊತ್ತು?

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. "ಉಪ್ಪು ಮಣ್ಣಾಗ ಏನ್ ಬೆಳೀತೈತಿ? ಬೆಳಿ ಇಲ್ಲದ ದೇಶದಾಗ ನಂದೇನ್ ಕೆಲಸ?" ಎಂದರು. ನಾನು ನಗು ನಿಲ್ಲಿಸಿ, ಯುಗಾದಿಗೆ ಇನ್ನೆಷ್ಟು ತಿಂಗಳೆಂದು ಎಣಿಸಿದೆ.

ಗದ್ದಲ ಕೇಳಿ ಮನೆಯೊಡತಿ ಬಂದರು. ಊರೆಲ್ಲ ಮಾಯ್ ಎಂದು ಕರೆಯುವ ಕ್ರಿಶ್ಚಿಯನ್ ಅಜ್ಜಿ ಅವರು. ಆ ಗದ್ದೆಯೂ ಅವರದೇ. ಎತ್ತಿನ ಮೇಲಿನ ಉಪ್ಪು ಕಂಡು, ಅದರ ಕೊಂಕಣಿ ಹೆಸರಿನಲ್ಲಿ "ಮೀಟ್, ಮೀಟ್!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅತ್ತೆಯ ಕೈ ಹಿಡಿದು, ಒಂದೇ ಕೊಡೆಯಲ್ಲಿ ಗದ್ದೆಗೆ ಕರೆದೊಯ್ದು, ಆಗಷ್ಟೇ ಮೊಳೆತಿದ್ದ ಭತ್ತ ತೋರಿಸಿದರು. ಇವರದು ಕನ್ನಡ, ಅವರದು ಕೊಂಕಣಿ. ಕೈ, ಕಣ್ಣಿನಲ್ಲೇ ವಾದ ನಡೆಯಿತು.

ಅತ್ತೆ ನಂಬಲಿಲ್ಲ. ಈ ಭತ್ತ ಸುಟ್ಟು ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ದಿನಾ ಗದ್ದೆಗೆ ಹೋಗತೊಡಗಿದರು. ಭತ್ತ ಸುಡಲಿಲ್ಲ; ಅದು ಉಪ್ಪು ತಾಳುವ ತಳಿ. ನೋಡಲು ಹೋದವರು ಸುಮ್ಮನಿರಲಾರದೆ ಕಳೆ ಕಿತ್ತರು, ಒಡ್ಡಿಗೆ ಮಣ್ಣು ಮೆತ್ತಿದರು. ಸುಗ್ಗಿಯಲ್ಲಿ ಕುಡುಗೋಲು ಹಿಡಿದು ಮಾಯ್‌ಗಿಂತ ಮುಂದೆ ನಿಂತರು. ಹೊಸ ಕೆಂಪಕ್ಕಿಯ ಗಂಜಿ ಉಂಡು, "ಚಲೋ ಐತಿ ಬಿಡು," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆದರೆ ಇರುತ್ತೇನೆ ಎಂಬ ಮಾತು ಮಾತ್ರ ಬರಲಿಲ್ಲ. ಕ್ರಿಸ್‌ಮಸ್‌ಗೆ ಮಾಯ್ ಸಿಹಿ ಕಳಿಸಿದರು, ಅತ್ತೆ ಶೇಂಗಾ ಹೋಳಿಗೆ ಕಳಿಸಿದರು. ಹೋಳಿಯೂ ಮುಗಿಯಿತು. ಕೇಳಲು ನನಗೆ ಧೈರ್ಯವಿಲ್ಲ.

ಯುಗಾದಿಗೆ ಮಂಗೋರ್ ಹಿಲ್‌ನಿಂದ ಭಾವ ಬಂದರು. ಬೇವು ಬೆಲ್ಲ ತಿಂದು, "ನಡಿಯವ್ವಾ, ವರ್ಷ ಆತಲ್ಲ," ಎಂದರು. ನಾನು ಹೂರಣ ತಿರುವುವುದನ್ನು ನಿಲ್ಲಿಸಿದೆ.

"ಈಗ ಬರಾಂಗಿಲ್ಲೋ," ಎಂದರು ಅತ್ತೆ. "ಪಂಚಮಿಗೆ ಬರ್ತೇನಿ. ಆವಾಗ ಹೆಣ್ಣಮಕ್ಕಳೆಲ್ಲಾ ತವರಿಗೆ ಹೋಗ್ತಾರ, ಇಕಿ ಒಬ್ಬಾಕಿ ಎಲ್ಲಿಗೆ ಹೋಗ್ಬೇಕು? ನಾ ಮುಂದ ಬಂದು ನಿನ್ನ ಮನ್ಯಾಗ ಕುಂದರ್ತೇನಿ. ಇಕಿ ಹಿಂದಿಂದ ತವರಿಗೆ ಬರ್ಲಿ. ಹಬ್ಬ ಮುಗಿಸಿ ಇಬ್ರೂ ಕೂಡಿ ಹೊಳಿ ದಾಟಿ ತಿರುಗಿ ನಮ್ಮೂರಿಗೆ ಬರ್ತೇವಿ."

ಹೂರಣ ಅಡಿ ಹತ್ತತೊಡಗಿತ್ತು; ಕಣ್ಣು ತುಂಬಿ ನನಗೆ ಅದು ಕಾಣಲೇ ಇಲ್ಲ.