ಸೆಲ್ ತೆಗೆದಿಡು

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಳಬರು ಇವತ್ತಿಗೂ ಅವಳನ್ನು ಕರೆಯುವುದು ಗೇಮ್ ಅಂಗಡಿ ಆವಲಮ್ಮ ಎಂದೇ. ಅಂಗಡಿ ಹೋಗಿ ಬಹಳ ಕಾಲವಾಯಿತು, ಅಲ್ಲಿ ಈಗ ಕಬಾಬು ಕರಿಯುತ್ತಾರೆ. ಗಂಡ ಕದಿರಪ್ಪ ತೀರಿಕೊಂಡ ಮೇಲೆ ಒಂದು ಮಾವಿನ ಸುಗ್ಗಿಯೂ ಬಂದು ಹೋಯಿತು. ಆವಲಮ್ಮ ಬೆಳಿಗ್ಗೆ ಏಳುತ್ತಾಳೆ, ಬಾಗಿಲಿಗೆ ನೀರು ಹಾಕುತ್ತಾಳೆ, ಒಲೆ ಹಚ್ಚುತ್ತಾಳೆ. ಹೇಗಿದೀಯ ಅಂದವರಿಗೆ ಇದೀನಿ ಅನ್ನುತ್ತಾಳೆ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಹುಡುಕಿದರೂ ಏನೂ ಸಿಗುವುದಿಲ್ಲ.

ಮನೆಯ ಗೋಡೆಗೂಡಿನಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಬೂದು ಗೇಮ್ ಇದೆ. ಮೇಲಿನಿಂದ ಇಟ್ಟಿಗೆ ಬೀಳುತ್ತದಲ್ಲ, ಆ ಆಟದ್ದು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಕದಿರಪ್ಪ ಮಂಚದಲ್ಲಿ ಒರಗಿ ಎಡಗೈಯೊಂದರಲ್ಲೇ ಅದನ್ನು ಆಡುತ್ತಿದ್ದ. ಮಾತೂ ಹೋಗಿತ್ತು. ಒಂದು ಮಧ್ಯಾಹ್ನ ಅದನ್ನು ಹೆಂಡತಿಯ ಮುಖಕ್ಕೆ ತಾಗುವಂತೆ ಹಿಡಿದ. ಗಾಜಿನ ಮೂಲೆಯಲ್ಲಿ ಒಂದು ದೊಡ್ಡ ಅಂಕಿ. ಎರಡು ಕೈ ಇದ್ದಾಗಲೂ ಅವನು ಅಷ್ಟು ಗಳಿಸಿದ್ದಿಲ್ಲ.

“ಆಯ್ತು ಬಿಡು, ಗಂಜಿ ಕುಡಿ” ಅಂದಿದ್ದಳು ಆವಲಮ್ಮ.

ಆಮೇಲೆ ಅವನು ಆಡಲಿಲ್ಲ. ಆ ಅಂಕಿ ಇನ್ನೂ ಗೇಮಿನೊಳಗಿದೆ. ಒಳಗಿನ ಎರಡು ಪೆನ್ಸಿಲ್ ಸೆಲ್ಲಿಗೆ ಜೀವ ಇರುವ ತನಕ ಇರುತ್ತದೆ, ಸೆಲ್ ತೆಗೆದರೆ ಅಳಿಸಿಹೋಗುತ್ತದೆ. ಈ ಜಾತಿಯ ಗೇಮಿಗೆ ನೆನಪು ಅಷ್ಟೇ.

ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತವರೂರು ರಾಯಲ್ಪಾಡಿನಲ್ಲಿ ಮೂರನೇ ಕ್ಲಾಸಿಗೇ ಪಾಟಿ ಕೆಳಗಿಟ್ಟು, ಮದುವೆಯಾಗಿ ಬಂದವಳು ಕೂತದ್ದು ಗಂಡನ ರಿಪೇರಿ ಅಂಗಡಿಯಲ್ಲಿ. ಆಗ ರೇಡಿಯೊ, ಬ್ಯಾಟರಿ ಲೈಟು ಬರುತ್ತಿದ್ದವು. ಮೊದಲ ಗೇಮ್ ಬಂದದ್ದು ಒಬ್ಬ ಮಾವಿನ ಮಂಡಿ ಸಾಹುಕಾರನ ಮನೆಯಿಂದ, ಮದ್ರಾಸಿನಲ್ಲಿ ಕೊಂಡದ್ದು. ಅದರಲ್ಲಿ ಇದ್ದದ್ದು ಒಂದೇ ಆಟ. ಓಡುವವನು, ಬೀಳುವವನು, ಏಣಿ, ಎಲ್ಲ ಬೊಂಬೆಯೂ ಗಾಜಿನೊಳಗೆ ಮೊದಲೇ ಬರೆದಿಟ್ಟಂತೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಅಷ್ಟೂ ಒಟ್ಟಿಗೆ ಮಸುಕಾಗಿ ಕಾಣುತ್ತಿದ್ದವು. ಆಮೇಲೆ ಈ ಇಟ್ಟಿಗೆ ಗೇಮ್ ಬಂತು. ಗಾಜಿನಲ್ಲಿ ಬೊಂಬೆ ಇಲ್ಲ, ಬರೀ ಚೌಕದ ಚುಕ್ಕಿ. ಆ ಚುಕ್ಕಿಗಳೇ ಸೇರಿ ಕಾರಾಗುತ್ತಿದ್ದವು, ಹಾವಾಗುತ್ತಿದ್ದವು. ಮಾವಿನ ಕಾಲದಲ್ಲಿ ಮಂಡಿಯ ಹಮಾಲಿಗಳ ಸೊಂಟದಲ್ಲೂ ಒಂದೊಂದು ಇರುತ್ತಿತ್ತು.

ಬಿಚ್ಚುವುದು ಕದಿರಪ್ಪನ ಕೆಲಸ. ಗುಂಡಿಯ ಕೆಳಗಿನ ರಬ್ಬರು ಆವಲಮ್ಮನ ಪಾಲು. ಒತ್ತೀ ಒತ್ತೀ ರಬ್ಬರಿನ ಕರಿ ಸವೆದಿದ್ದರೆ ಗುಂಡಿ ಕೇಳುವುದಿಲ್ಲ. ಅವಳು ಅದನ್ನು ತೊಳೆದು, ಒಣಗಿಸಿ, ಮೆತ್ತನೆಯ ಪೆನ್ಸಿಲ್ಲಿನಿಂದ ಮತ್ತೆ ಕಪ್ಪು ಉಜ್ಜುವಳು. ಗಂಡ ಸ್ಕ್ರೂ ಬಿಗಿದ ಮೇಲೆ ಎಡ, ಬಲ, ಕೆಳಗೆ, ತಿರುಗು ಎಂದು ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ “ಸರಿ ಇದೆ” ಅನ್ನುವಳು. ಅವಳು ಹಾಗೆ ಅನ್ನದೆ ಯಾವ ಗೇಮೂ ಅಂಗಡಿ ದಾಟುತ್ತಿರಲಿಲ್ಲ. ಆಡಲು ಮಾತ್ರ ಅವಳು ಯಾವತ್ತೂ ಆಡಿದವಳಲ್ಲ.

ಒಂದು ಸಲ ಮಂಡಿ ಗುಮಾಸ್ತ ಚಂದ್ರಮೋಹನ್ ಓಡಿ ಬಂದ. “ಅಣ್ಣ, ಸೆಲ್ ಸತ್ತೋಗ್ತಾ ಅದೆ. ಬದಲಾಯ್ಸಿಕೊಡು, ಆದ್ರೆ ಸ್ಕೋರ್ ಹೋಗ್ಬಾರ್ದು.”

“ಹೆಂಡ್ತಿ ತವರಿಗೆ ಹೋದಾಗ್ಲೂ ನಿನ್ನ ಮುಖ ಇಷ್ಟು ಸಣ್ಣಗಾಗಿರ್ಲಿಲ್ವಲ್ಲೋ” ಅಂದ ಕದಿರಪ್ಪ.

“ಅವ್ಳು ವಾಪಸ್ ಬರ್ತಾಳೆ ಕಣಣ್ಣ, ಇದು ಬರಲ್ಲ.”

ಕದಿರಪ್ಪ ಬೇರೆ ಎರಡು ಸೆಲ್ಲಿಗೆ ವೈರು ಕಟ್ಟಿ, ಆ ವೈರನ್ನು ಗೇಮಿನ ಸ್ಪ್ರಿಂಗಿಗೆ ತಾಗಿಸಿ ಆವಲಮ್ಮನ ಕೈಗೆ ಕೊಟ್ಟ. “ಅಲ್ಲಾಡಬೇಡ” ಅಂದ. ಅವಳು ಹಿಡಿದಿದ್ದಳು. ಹಳೆಯದು ಹೊರಗೆ ಬಂತು, ಹೊಸದು ಒಳಗೆ ಕೂತಿತು. ಅಂಕಿ ಹಾಗೇ ಇತ್ತು.

ಕಾಲ ಅಲ್ಲಿಗೆ ನಿಲ್ಲಲಿಲ್ಲ. ಕ್ಯಾಸೆಟ್ ಹಾಕುವ ಗೇಮ್ ಬಂತು, ಆಟ ಬೇಡವಾದರೆ ಕ್ಯಾಸೆಟ್ ಬದಲಾಯಿಸಿದರೆ ಆಯಿತು. ಆಮೇಲೆ ಗಾಜಿಗೆ ಬಣ್ಣ ಬಂತು, ಹಿಂದಿನಿಂದ ಬೆಳಕು ಬಂತು. ಆಮೇಲೆ ಚಾರ್ಜರಿಗೆ ಹಾಕುವಂಥದ್ದು, ಬಿಸ್ಕತ್ತಿನಂತೆ ಚಪ್ಪಟೆ ಬ್ಯಾಟರಿ. ಅಂಕಿಯನ್ನು ಗೇಮೇ ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು, ವೈರು ಹಿಡಿದು ಕೂರುವವರು ಬೇಕಿರಲಿಲ್ಲ. ಕಡೆಗೆ ಗುಂಡಿಯೇ ಇಲ್ಲದ ಸೆಲ್ ಫೋನ್. ಬರೀ ಗಾಜು. ಉಜ್ಜಲು ರಬ್ಬರೂ ಇಲ್ಲ. ಆವಲಮ್ಮ ಪೆನ್ಸಿಲನ್ನು ಡಬ್ಬಿಗೆ ಹಾಕಿದಳು, ಕದಿರಪ್ಪ ಒಂದು ದಿನ ಅಂಗಡಿಯ ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು ಬಂದ.

ಗೇಮಿನೊಳಗೆ ವೈರು ಬೆಸೆದ ಹಸಿರು ಹಲಗೆಯ ನಡುವೆ ಕರಿ ಅಂಟಿನ ಒಂದು ದುಂಡು ಮಚ್ಚೆ ಇರುತ್ತದೆ. ಆಟವೆಲ್ಲ ಅದರ ಕೆಳಗೇ. ಕದಿರಪ್ಪ ಅದನ್ನು ಬೊಟ್ಟು ಅನ್ನುತ್ತಿದ್ದ. ವೈರು ಕಿತ್ತರೆ ಬೆಸೆಯಬಹುದು, ಸ್ಪ್ರಿಂಗಿಗೆ ಕಿಲುಬು ಹಿಡಿದರೆ ಉಜ್ಜಬಹುದು. ಬೊಟ್ಟು ಹೋದರೆ ಮಾಡುವಂಥದ್ದು ಇಲ್ಲ. “ಬೊಟ್ಟು ಹೋಗಿದೆ, ಆ ಕಡೆ ಇಡು” ಅನ್ನುವನು, ಅವಳು ಆ ಕಡೆ ಇಡುವಳು. ಅವನ ತಿಥಿಯ ದಿನ ಅವನ ಅಕ್ಕ ದೊಡ್ಡಗಂಗಮ್ಮ ಒದ್ದೆ ಬಟ್ಟೆಯಿಂದ ಆವಲಮ್ಮನ ಹಣೆ ಒರೆಸಿದಾಗ ಅವಳಿಗೆ ನೆನಪಾದದ್ದು ಆ ಮಾತೇ.

“ಅತ್ತುಬಿಡೇ, ಏಡುವಮ್ಮಾ” ಅಂದಳು ದೊಡ್ಡಗಂಗಮ್ಮ, ಕನ್ನಡವೂ ತೆಲುಗೂ ಕಲೆಸಿ. “ಒಳಗೇ ಇಟ್ಕೊಂಡ್ರೆ ಎದೆ ಕಲ್ಲಾಗುತ್ತೆ.”

“ಆಗ್ಲಿ ಅಕ್ಕ” ಅಂದಳು ಆವಲಮ್ಮ. ಅಳು ಬರಲಿಲ್ಲ.

ಈಚೆಗೆ ಗೇಮಿನ ಅಂಕಿ ತೆಳ್ಳಗಾಗುತ್ತಿತ್ತು. ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುತ್ತಿತ್ತು. ಆವಲಮ್ಮ ಹೊಸ ಸೆಲ್ ತಂದಳು, ಎರಡು ತುಂಡು ವೈರು ಹುಡುಕಿದಳು, ಎಲ್ಲವನ್ನೂ ಗೂಡಿನಲ್ಲಿ ಗೇಮಿನ ಪಕ್ಕದಲ್ಲಿಟ್ಟಳು. ವೈರು ಹಿಡಿಯಲು ಇನ್ನೊಂದು ಜೊತೆ ಕೈ ಬೇಕಿತ್ತು. ಭಾನುವಾರ ಕೋಲಾರದಿಂದ ಮಗಳ ಮಗಳು ಸಹನ ಬರುವವಳಿದ್ದಳು. ಊಟವಾದ ಮೇಲೆ ಹೇಳಿದರಾಯಿತು ಅಂದುಕೊಂಡಳು.

ಸಹನ ಬಂದಳು. ಕಾಲೇಜು ಓದುವ ಹುಡುಗಿ, ಕೈಯಿಂದ ಸೆಲ್ ಫೋನ್ ಇಳಿಸುವವಳಲ್ಲ. ಆವಲಮ್ಮ ಮುದ್ದೆ ಕಟ್ಟಿ, ಬಸ್ಸಾರು ಬಡಿಸಿ, ಅಡುಗೆಮನೆಯಿಂದ ಇಣುಕಿದಳು. ಹುಡುಗಿಯ ಬೆನ್ನು ಕಾಣುತ್ತಿತ್ತು. ತಲೆ ತಗ್ಗಿಸಿ ಕೈಯೊಳಗೇನೋ ನೋಡುತ್ತಿದ್ದಳು, ಯಾವಾಗಿನಂತೆ.

“ಸಾಕು ಕಣೇ, ಸೆಲ್ ತೆಗೆದಿಟ್ಟು ಊಟಕ್ಕೆ ಬಾ.”

“ಹೂಂ ಅಜ್ಜಿ, ತೆಗೆದಿಟ್ಟೆ.”

ಸಹನ ಬಂದು ತಟ್ಟೆಯ ಮುಂದೆ ಕೂತಳು. ಅವಳ ಫೋನ್ ಗೋಡೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ನೇತಾಡುತ್ತಿತ್ತು. ಆವಲಮ್ಮ ಅದನ್ನು ನೋಡಿದಳು. ಆಮೇಲೆ ಗೂಡಿನ ಕಡೆ ನೋಡಿದಳು. ಗೇಮ್ ಬೋರಲಾಗಿತ್ತು, ಬೆನ್ನಿನ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಎರಡು ಹಳೆಯ ಸೆಲ್.

“ಅದನ್ನ ಯಾಕೆ ತೆಗ್ದೆ?”

“ನೀನೇ ತೆಗೆದಿಡು ಅಂದ್ಯಲ್ಲ. ತಾತಾನೂ ಅದನ್ನೇ ಹೇಳ್ತಿದ್ರು, ಆಡ್ದೆ ಇದ್ರೆ ಸೆಲ್ ತೆಗೆದಿಡು, ಇಲ್ದಿದ್ರೆ ನೀರು ಕಾರುತ್ತೆ ಅಂತ.” ಸಹನ ತುತ್ತು ಮುರಿಯುತ್ತಾ ಅಜ್ಜಿಯ ಮುಖ ನೋಡಿದಳು. “ಏನಾಯ್ತಜ್ಜಿ?”

ಹೌದು, ಅವನು ಹೇಳುತ್ತಿದ್ದ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಆವಲಮ್ಮ ಗೂಡಿನ ಹತ್ತಿರ ಹೋದಳು. ವೈರು ಅಲ್ಲೇ ಇತ್ತು, ಅದನ್ನು ಸುರುಳಿ ಸುತ್ತಿ ಬದಿಗಿಟ್ಟಳು. ಹೊಸ ಸೆಲ್ಲುಗಳನ್ನು ಒಂದರ ತಲೆ ಈ ಕಡೆ, ಇನ್ನೊಂದರದು ಆ ಕಡೆ ಮಾಡಿ ಕೂರಿಸಿ ಮುಚ್ಚಳ ಹಾಕಿದಳು. ಗೇಮ್ ತನ್ನ ರಾಗ ಹಾಡಿತು. ಗಾಜಿನ ಮೂಲೆಯಲ್ಲಿ ಸೊನ್ನೆ, ಕಪ್ಪಗೆ, ಚೆನ್ನಾಗಿ ಕಾಣುತ್ತಿತ್ತು. ಎದೆಯೊಳಗೆ ಏನಾದರೂ ಆಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ.

ಆಟ ಶುರು ಮಾಡಿದಳು. ಒಂದು ಇಟ್ಟಿಗೆ ಇಳಿಯತೊಡಗಿತು. ಎಡ ಒತ್ತಿದಳು, ಎಡಕ್ಕೆ ಹೋಯಿತು. ಬಲ. ತಿರುಗು. ಕೆಳಗೆ. ಮತ್ತೆ ಒತ್ತಿದಾಗ ಎಡದ ಗುಂಡಿ ಮಾತ್ರ ಸ್ವಲ್ಪ ತಡವರಿಸಿತು.

“ರಬ್ಬರು ಸವೆದಿದೆ” ಅಂದಳು.

“ಯಾರಿಗೆ ಹೇಳ್ತಿದೀಯ ಅಜ್ಜಿ?”

ಆವಲಮ್ಮ ಗೇಮನ್ನು ಹಾಗೇ ಗೂಡಿನಲ್ಲಿಟ್ಟು ತಿರುಗಿದಳು. ಅವಳ ಕೈ ಡಬ್ಬಿಯಲ್ಲಿ ಪೆನ್ಸಿಲ್ ಹುಡುಕುತ್ತಿತ್ತು. “ಮುದ್ದೆ ಆರ್ತದೆ, ತಿನ್ನು” ಅಂದಳು. ಅವಳ ಹಿಂದೆ ಗೂಡಿನಲ್ಲಿ ಇಟ್ಟಿಗೆಗಳು ಯಾರೂ ಮುಟ್ಟದೆ ಒಂದರ ಮೇಲೊಂದು ಬೀಳುತ್ತಿದ್ದವು.